ಹಿಂದಿನ ಸೀಟಿನ ಮೇಲೆ ಏನೂ ಬೇಡ

ಗದಗಿನ ಮುಳಗುಂದ ನಾಕಾದ ಬಳಿ ಇಂದಿಗೂ ಹೇಳಿಕೊಳ್ಳುವ ಕಥೆಯಿದು... ಕೇಳಿದಂತೆಯೇ ಇಲ್ಲಿದೆ.

ಅಂದಾನೆಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಬಳಿ ಹಳೆಯದೊಂದು ಮೋಟಾರ್ ಸೈಕಲ್ ಇತ್ತು... ಅದಕ್ಕಿಂತ ಹಳೆಯದೊಂದು ಆಸೆಯೂ ಇತ್ತು.

ಕಚ್ಛದ ಬಿಳಿ ಉಪ್ಪಿನ ಬಯಲನ್ನು ಗಾಡಿಯ ಮೇಲೆ ಹೋಗಿ ನೋಡಬೇಕು!

ದೂರದ ದಾರಿಗೆ ಬ್ಯಾಗು ಬೇಕಲ್ಲ? ತಿಂಗಳುಗಟ್ಟಲೆ ಮೊಬೈಲಿನಲ್ಲಿ ಹುಡುಕಿದರು. ಲೋಹದ ಪೆಟ್ಟಿಗೆ ಗಟ್ಟಿ, ಆದರೆ ಭಾರ. ಬಟ್ಟೆಯ ಬ್ಯಾಗು ಹಗುರ, ಆದರೆ ಮಳೆಗೆ ಸೋರುತ್ತದೆ...

ಕೊನೆಗೆ ಗ್ರಾಫ್ ಹಾಳೆಯ ಮೇಲೆ ತಾವೇ ಬ್ಯಾಗಿನ ನಕ್ಷೆ ಬರೆದುಕೊಂಡು ಚಾಂದಿಬಾಯಿಯ ತಾಡಪತ್ರಿ ಅಂಗಡಿಗೆ ಹೋದರು.

ಚಾಂದಿಬಾಯಿ ಲಂಬಾಣಿ ಮುದುಕಿ. ಅವಳ ಹಿರಿಯರು ಎತ್ತುಗಳ ಬೆನ್ನ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶ ಸುತ್ತಿದವರು. ಅವಳು ಲಾರಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದಳು. ಹೇರಿನ ಹದ ಮಾತ್ರ ಅವಳ ಕೈ ಬಿಟ್ಟಿರಲಿಲ್ಲ.

ನಕ್ಷೆ ನೋಡಿ ಅವಳು ನಕ್ಕಳು.

"ಮಾಸ್ತರ, ಚಿತ್ರ ಚಂದ ಐತಿ. ಆದ್ರ ಎರಡೂ ಕಡೆ ಇಷ್ಟು ದೊಡ್ಡ ಹೊಟ್ಟಿ ಬಿಟ್ರ ಗಾಡಿ ಬಸರಿ ಎಮ್ಮಿ ಆಗತೈತಿ! ದೊಡ್ಡ ಬ್ಯಾಗ ಹಿಂದಿನ ಸೀಟಿನ ಮ್ಯಾಲ ಕಟ್ರಿ. ಭಾರ ನಡುವ ಇರಬೇಕು."

"ಹಿಂದಿನ ಸೀಟಿನ ಮ್ಯಾಲ ಏನೂ ಬ್ಯಾಡ."

"ಖಾಲಿ ಐತೆಲ್ರಿ?"

"ಖಾಲೀನ ಇರ್ಲಿ."

ಹೇಳಿದ ಹಾಗೆಯೇ ಹೊಲಿದುಕೊಟ್ಟಳು. ಎಂಟು ದಿನಗಳ ನಂತರ ಮಾಸ್ತರರು ಬ್ಯಾಗುಗಳಲ್ಲಿ ಸಾಮಾನು ತುಂಬಿ, ಗಾಡಿಯ ಎರಡೂ ಬದಿಗೆ ಬಿಗಿದು, ಅಂಗಡಿಯ ಮುಂದೆಯೇ ಒಂದು ಸುತ್ತು ಹೊಡೆದರು. ಅವಳು ಹೇಳಿದ್ದೇ ನಿಜವಾಯಿತು... ಗಾಡಿ ಬಾಲ ಅಲ್ಲಾಡಿಸಿತು.

ಎದುರಿಗೆ ಸ್ಪೀಡ್ ಬ್ರೇಕರ್ ಬಂತು. ಮಾಸ್ತರರು ವೇಗ ತಗ್ಗಿಸಿ, ಕತ್ತನ್ನು ಕೊಂಚ ಹಿಂದಕ್ಕೆ ಹೊರಳಿಸಿ ಅಂದರು:

"ಗಟ್ಟಿ ಹಿಡ್ಕೋ..."

ಹಾಗೆಂದದ್ದು ಅವರಿಗೇ ತಿಳಿಯಲಿಲ್ಲ. ಬಹಳ ವರ್ಷಗಳ ರೂಢಿ ಅದು. ಬಾಗಿಲಲ್ಲಿ ನಿಂತಿದ್ದ ಚಾಂದಿಬಾಯಿಗೆ ಮಾತ್ರ ಕೇಳಿಸಿತು.

"ಯಾರಿಗಂದ್ರಿ, ಮಾಸ್ತರ?"

ಮಾಸ್ತರರ ಮುಖ ಕೆಂಪಾಯಿತು. "ನಮ್ಮ ಕಾಶವ್ವಗ... ನನ್ನ ಹೇಣ್ತಿ. ಅಕಿ ಅಲ್ಲೇ ಕೂಡ್ತಿದ್ಲು. ಉಪ್ಪಿನ ಬಯಲು ನೋಡೂ ಆಸೇನೂ ಮೊದಲ ಅಕೀದ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ... ಹೋಗಿ ಎಷ್ಟು ವರ್ಷಾತು?"

"ಎಲ್ಲಿಗೆ ಹೋಗ್ತಾಳ? ಮನ್ಯಾಗ ರೊಟ್ಟಿ ಬಡೀಲಿಕ್ಹತ್ಯಾಳ!"

ಚಾಂದಿಬಾಯಿ ತೆರೆದ ಬಾಯಿ ಮುಚ್ಚಲಿಲ್ಲ.

ಆಗ ಮಾಸ್ತರರು ಎಲ್ಲವನ್ನೂ ಹೇಳಿದರು. ಹದಿನಾಲ್ಕು ವರ್ಷಗಳ ಹಿಂದೆ ಅರಬೈಲ್ ಘಟ್ಟದಲ್ಲಿ ಗಾಡಿ ಜಾರಿತ್ತು. ಅವರಿಗೆ ತರಚು ಗಾಯ... ಅವಳಿಗೆ ಮೊಣಕಾಲೇ ಮುರಿಯಿತು. ಅಂದಿನಿಂದ ಕಾಶವ್ವ ಕುಂಟುತ್ತಾಳೆ. ಬರುತ್ತೇನೆಂದು ಅವಳು ಅನ್ನಲಿಲ್ಲ. ಬಾ ಎಂದು ಇವರೂ ಅನ್ನಲಿಲ್ಲ.

ಇಂದಿಗೂ ಗಾಡಿ ಹೊರತೆಗೆದಾಗ ಬಾಗಿಲ ತನಕ ಬರುತ್ತಾಳೆ... ಅಷ್ಟೇ.

ಚಾಂದಿಬಾಯಿ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

"ನಮ್ಮಜ್ಜಿ ಹೇಳ್ತಿದ್ಲು. ಹೇರು ಹೊರಡೂ ಮುಂದ ಯಾರರ ಹಿಂದುಳಿದಿದ್ರ, ಅವರ ಎತ್ತಿನ ಮ್ಯಾಲ ಏನೂ ಹೇರ್ತಿದ್ದಿಲ್ಲಂತ. ಆದ್ರ ಸುಮ್ನ ಖಾಲಿ ಬಿಡ್ತಿದ್ದಿಲ್ಲ... ತಾಂಡಾದ ಕಡೆ ಮಾರಿ ಮಾಡಿ, ಅವರ ಹೆಸರು ಹಿಡದು ಮೂರು ಸಲ ಕೂಗ್ತಿದ್ರು. ಕೂಗದ ಖಾಲಿ ಬಿಟ್ಟಿದ್ದು ನೆನಪಲ್ಲ, ಮಾಸ್ತರ... ಅದೂ ಒಂದು ಹೇರ. ನೀವು ಕೂಗೀರೇನು?"

ಮಾಸ್ತರರು ಗಾಡಿಯನ್ನು ಮನೆಯ ಕಡೆ ತಿರುಗಿಸಿದರು.

ಮನೆಗೆ ಬಂದು, ಗಾಡಿ ನಿಲ್ಲಿಸಿ, ಅಂಗಳದಲ್ಲೇ ನಿಂತರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

"ಕಾಶೀ..."

"ಚಾ ಇನ್ನೂ ಇಟ್ಟಿಲ್ರೀ!"

"ಕಾಶೀ..."

"ಬ್ಯಾಗ್ ಬಂದ್ವೇನು? ಅಲ್ಲೇ ಪಡಸಾಲ್ಯಾಗ ಇಡ್ರಿ."

ಮೂರನೆಯ ಸಲ ದನಿ ಏರಿಸಿ ಕೂಗಿದರು.

"ಕಾಶೀ... ನನ್ನ ಕೂಡ ಬರ್ತೀ ಏನು?"

ರೊಟ್ಟಿಯ ಸಪ್ಪಳ ನಿಂತಿತು.

ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ಬಾಗಿಲಿಗೆ ಬಂದಳು.

"ಹದಿನಾಕು ವರ್ಷದಾಗ ಒಮ್ಮೆಯರ ಗಾಡಿ ಹತ್ತು ಅಂದೀರೇನು? ಈ ಕುಂಟೀನ ಯಾಕ ಹೊತ್ಕೊಂಡು ತಿರಗೂದು ಅಂತ ಬಿಟ್ಟೀರಿ ಅಂತ ತಿಳದಿದ್ದೆ..."

"ನಿನ್ನ ಕಾಲು ಮುರದಾಂವ ನಾನ, ಕಾಶಿ. ಯಾವ ಬಾಯಿಲೆ ಕರೀಲಿ?"

ಅವಳು ಒಳಗೆ ಹೋದಳು. ಟ್ರಂಕು ತೆರೆದ ಸದ್ದು... ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ತನ್ನ ಹೆಲ್ಮೆಟ್ ತಂದಳು. ಹದಿನಾಲ್ಕು ವರ್ಷ ಕಳೆದಿದ್ದರೂ ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ.

ಮಾಸ್ತರರು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡರು...

ಮರುದಿನ ಇಬ್ಬರೂ ಕೂಡಿ ಚಾಂದಿಬಾಯಿಯ ಅಂಗಡಿಗೆ ಹೋದರು. ಕಾಶವ್ವ ಬ್ಯಾಗಿನ ಒಂದೊಂದೇ ವಸ್ತುವನ್ನು ಹೊರಗೆಳೆದಳು.

"ಆರು ಪ್ಯಾಂಟ್ ಯಾಕ್ರೀ, ಮದುವಿ ಮದಲಿಂಗ ಆಗಾಕ ಹೊಂಟೀರೇನು? ಈ ಸ್ಟೋವ್ ಯಾಕ? ಚಾಂದಿಬಾಯಿ, ಈ ಬ್ಯಾಗ್ ಅರ್ಧಕ್ಕರ್ಧ ಕತ್ತರಿಸವ್ವ. ದೊಡ್ಡ ಹೊಟ್ಟಿ ಇವರದೊಂದ ಸಾಕು!"

ಚಾಂದಿಬಾಯಿ ನಗುತ್ತಲೇ ಕತ್ತರಿಸಿದಳು. ಉಳಿದ ಬಟ್ಟೆಯಲ್ಲಿ ಹಿಂದಿನ ಸೀಟಿಗೆ ಮೆತ್ತನೆಯ ದಿಂಬೊಂದನ್ನು ಹೊಲಿದುಕೊಟ್ಟಳು.

ಹೊರಟ ದಿನ ಬೆಳಿಗ್ಗೆ ಗಾಡಿ ಅದೇ ಅಂಗಡಿಯ ಮುಂದೆ ಹಾದುಹೋಯಿತು. ಬ್ಯಾಗುಗಳು ಚಿಕ್ಕವಾಗಿದ್ದವು, ಭಾರ ನಡುವೆ ಇತ್ತು... ಗಾಡಿ ಬಾಲ ಅಲ್ಲಾಡಿಸಲಿಲ್ಲ.

ಸ್ಪೀಡ್ ಬ್ರೇಕರ್ ಬಂತು. ರೂಢಿಯಂತೆ ಮಾಸ್ತರರು ಕತ್ತು ಹೊರಳಿಸಿದರು.

"ಗಟ್ಟಿ ಹಿಡ್ಕೋ..."

"ಹಿಡ್ದೀನಿ. ನಡೀರಿ."

*

ಜಾಗ ಕಾಯ್ದಿರಿಸುವುದು ಅರ್ಧ ಪ್ರೀತಿ... ಹೆಸರು ಹಿಡಿದು ಕರೆಯುವುದು ಉಳಿದರ್ಧ.

ನಿಮ್ಮ ಹಿಂದಿನ ಸೀಟು ಯಾರಿಗಾಗಿ ಖಾಲಿ ಇದೆ? ಅವರನ್ನು ನೀವು ಒಮ್ಮೆಯಾದರೂ ಕೂಗಿದ್ದೀರಾ?