ಗೋಲಿನ ಬೆನ್ನ ಹಿಂದೆ

“ಏನು ತಿನ್ಸಿದ್ರಲಾ ಪರ್ವತ, ಆ ಕೊರಟಗೆರೆಯೋರು ನಿಂಗೆ?”

ಗಾಣದ ಮರುಳಸಿದ್ದಯ್ಯ ಗೋಲಿನ ಹಿಂದಿನಿಂದ ಎಸೆದ ಈ ಪ್ರಶ್ನೆಗೆ ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಪರ್ವತಯ್ಯ ತಿರುಗಿ ನೋಡಲಿಲ್ಲ. ಮಹಾರಾಜರ ವರ್ಧಂತಿಯ ನಿಮಿತ್ತ ಶಿರಾದ ಕೋಟೆ ಬಯಲಿನಲ್ಲಿ ಕಾಲ್ಚೆಂಡಿನ ಪಂದ್ಯ ನಡೆದಿತ್ತು. ಹೋದ ವರ್ಷದವರೆಗೆ ಶಿರಾ ತಂಡದ ಗೋಲು ಕಾಯುತ್ತಿದ್ದ ಅವನು ಇಂದು ಕೊರಟಗೆರೆಯವರ ಗೋಲಿನಲ್ಲಿ, ಹುಟ್ಟಿದೂರಿಗೇ ಎದುರಾಗಿ ನಿಂತಿದ್ದ.

“ಬೂಟು ಕೊಡ್ತೀವಿ ಅಂದಿರ್ಬೇಕು,” ಎಂದನೊಬ್ಬ.

“ಕಾಲು ನೋಡಿ ಮಾತಾಡ್ಲಾ, ಬರಿಗಾಲು!”

“ಅಂಗಾದ್ರೆ ಹೆಣ್ಣು ಕೊಡ್ತೀವಿ ಅಂದವ್ರೆ.”

“ಈ ಮೊಕಕ್ಕಾ?”

“ಬಾಯಿಗೆ ಬಂದಂಗೆ ಅನ್ಬ್ಯಾಡ್ರಪ್ಪಾ,” ಎಂದು ಕಂಬಳಿ ವ್ಯಾಪಾರದ ಬಾಷಾ ಸಾಬರು ಅಡ್ಡ ಬಂದರು. “ಶಿರಾ ಕಂಬ್ಳೀನ ನಾನು ಪಾವಗಡದ ಸಂತೇಲಿ ಮಾರಲ್ವಾ? ಅಷ್ಟಕ್ಕೇ ನಾನು ಶಿರಾದೋನಲ್ದೆ ಹೋದ್ನಾ?”

“ಕಂಬ್ಳಿ ಮಾರೋದು ಬ್ಯಾರೆ ಸಾಬ್ರೇ, ನಿಯತ್ತು ಮಾರೋದು ಬ್ಯಾರೆ!” ಎಂದು ಮರುಳಸಿದ್ದಯ್ಯ ಗುಡುಗಿದರು. “ಇವನಪ್ಪ ಇದ್ದಿದ್ರೆ ಇವತ್ತು ಮೊಕಕ್ಕೆ ಟವಲ್ ಹಾಕ್ಕಂಡು ಮನೇಲೇ ಕುಂತಿರೋರು.”

ಒಂದೊಂದು ಮಾತೂ ಪರ್ವತಯ್ಯನ ಕಿವಿಗೆ ಬೀಳುತ್ತಿತ್ತು. ಆದರೆ ನೋಯಬೇಕಾದ ಮನಸ್ಸು ನೋಯುತ್ತಿರಲಿಲ್ಲ. ಶಿರಾದ ಜನ ಗೆರೆಯ ಪಕ್ಕದಲ್ಲಿ ಸಾಲಾಗಿ ನಿಂತು ಆಟ ನೋಡುವವರಲ್ಲ. ಎದುರಾಳಿಯ ಗೋಲಿನ ಹಿಂದೆ ಮುತ್ತಿಕೊಂಡು, ಅಲ್ಲಿ ಗೋಲು ಬೀಳುವುದನ್ನು ಕಣ್ಣಾರೆ ಕಾಣುವುದು ಅವರ ವಾಡಿಕೆ. ತಂಡವೂ ಬಲಿಷ್ಠವಾದುದು, ಚೆಂಡು ಸದಾ ಆ ಕಡೆಯೇ. ಹೀಗಾಗಿ ಶಿರಾದ ಗೋಲು ಕಾಯುವವನೆಂದರೆ ಬಯಲಿನ ಇನ್ನೊಂದು ತುದಿಯಲ್ಲಿ, ಮೇಯುವ ಮೇಕೆಗಳ ನಡುವೆ ನಿಂತವನು. ಗೆದ್ದ ಸುದ್ದಿ ದೂರದಿಂದ ಅವನ ಕಿವಿಗೆ ಬೀಳುತ್ತಿತ್ತೇ ಹೊರತು ಕೈಗೆ ಸಿಗುತ್ತಿರಲಿಲ್ಲ. ಅವನು ಅಷ್ಟುದ್ದ ಬಯಲು ದಾಟಿ ಹೋಗುವಷ್ಟರಲ್ಲಿ ಗೋಲು ಹೊಡೆದ ಶಫೀವುಲ್ಲಾನನ್ನು ಹೆಗಲೇರಿಸಿಕೊಂಡು ಜನ ಕೋಟೆಬಾಗಿಲು ದಾಟಿರುತ್ತಿದ್ದರು.

ಗೆಲ್ಲುವ ತಂಡದಲ್ಲಿದ್ದೂ ಒಂಟಿಯಾಗಿದ್ದೆನೆಂದು ಯಾರ ಮುಂದೆ ಹೇಳುವುದು? ಹೇಳಿದರೆ ನಗುತ್ತಾರೆ. ಅದಕ್ಕೇ ಒಂದು ಮಾತೂ ಆಡದೆ, ಸದಾ ಸೋಲುವ ಕೊರಟಗೆರೆಯನ್ನು ಸೇರಿದ್ದ. ಇಂದು ಊರಿಗೆ ಊರೇ ಅವನ ಬೆನ್ನಿಗೆ ತಾಗುವಂತೆ ನಿಂತಿತ್ತು. ಅವರ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಬೈಗುಳವೇ ಆದರೂ ಅದರಲ್ಲಿ ತನ್ನ ಹೆಸರಿತ್ತು, ತಂದೆಯ ನೆನಪಿತ್ತು. ಅರ್ಧ ಆಟ ಮುಗಿದು ದಿಕ್ಕು ಬದಲಾದಾಗಲೂ ಅವರೆಲ್ಲ ವಾದಿಸುತ್ತ, ಬೈಯುತ್ತ ಅವನೊಡನೆಯೇ ಬಯಲು ದಾಟಿ ಬಂದರು. ಅಷ್ಟು ಜನರ ನಡುವೆ ನಡೆದು ಎಷ್ಟು ಕಾಲವಾಗಿತ್ತು! ಗೆಲುವು ಸೋಲು ಹೇಗಾದರೂ ಇರಲಿ, ಈ ಗುಂಪೊಂದು ತನ್ನನ್ನು ಬಿಟ್ಟು ಕದಲದಿರಲಿ ಎಂದು ಅವನ ಮನಸ್ಸು ಹಾರೈಸಿತು.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಎರಡು ಕಡೆಗೂ ಗೋಲಿಲ್ಲ. ಗೋಲಿನ ಮುಂದೆಯೇ ಕೊರಟಗೆರೆಯವನೊಬ್ಬನ ಕೈಗೆ ಚೆಂಡು ತಗುಲಿತು. ಪಂದ್ಯದ ತೀರ್ಪುಗಾರರಾಗಿದ್ದ ಡ್ರಿಲ್ ಮೇಷ್ಟ್ರು ಸೀಟಿ ಊದಿ ಪೆನಾಲ್ಟಿ ಕೊಟ್ಟರು. ಶಫೀವುಲ್ಲಾ ಚೆಂಡನ್ನು ಇಟ್ಟು ಹಿಂದೆ ಸರಿದ. ಆಗ ಬೆನ್ನ ಹಿಂದೆ ಮರುಳಸಿದ್ದಯ್ಯನವರ ದನಿ ಕೇಳಿಸಿತು. ಅದರಲ್ಲಿ ಮೊದಲಿನ ಗುಡುಗಿರಲಿಲ್ಲ.

“ಪರ್ವತಾ, ಇದೊಂದ ಬುಟ್ಬುಡಪ್ಪಾ. ನಮ್ಮೋನೇ ಅಂತ ನಿನ್ನೂ ಹೆಗಲ ಮ್ಯಾಲೆ ಊರೊಳಕ್ಕೆ ಹೊತ್ಕಂಡು ಹೋಗ್ತೀವಿ.”

ಎದುರಿಗೆ ಕೊರಟಗೆರೆಯ ಹುಡುಗರೆಲ್ಲರ ಕಣ್ಣು ಪರ್ವತಯ್ಯನ ಮೇಲಿತ್ತು. ಮನಸ್ಸು ಇನ್ನೂ ತಕ್ಕಡಿಯಲ್ಲಿ ತೂಗಾಡುತ್ತಿದ್ದಾಗಲೇ ಕೈ ತೀರ್ಪು ಕೊಟ್ಟಿತು: ಶಫೀವುಲ್ಲಾ ಒದ್ದ ಚೆಂಡು ಅವನ ಎದೆಯಲ್ಲಿತ್ತು. ಕಾಯುವವನ ಅಭ್ಯಾಸದಂತೆ ಅದನ್ನು ಬಲವಾಗಿ ಒದ್ದ. ಅದು ಬಯಲಿನ ನಡುವನ್ನೂ ದಾಟಿ ಬಿತ್ತು, ಕೊರಟಗೆರೆಯವರು ಬೆನ್ನಟ್ಟಿದರು.

“ಅಯ್ಯೋ, ಅತ್ಲಾಗೆ ನಮ್ ಗೋಲಿನ ತಾವ ಯಾರೂ ಇಲ್ಲ ಕಣ್ರಲಾ!” ಎಂದು ಮರುಳಸಿದ್ದಯ್ಯ ಕಿರುಚಿದರು. ಪಂಚೆ ಎತ್ತಿಕಟ್ಟಿ, ಒಬ್ಬರನ್ನೊಬ್ಬರು ತಳ್ಳಿಕೊಂಡು, ಗುಂಪು ಗುಂಪೇ ಆ ತುದಿಗೆ ಓಡಿತು. ಉಳಿದವರು ಬಾಷಾ ಸಾಬರು ಮಾತ್ರ.

“ಬೇಟಾ,” ಎಂದರು ಅವರು ಹತ್ತಿರ ಬಂದು, “ಊರಿಗೆಲ್ಲ ಎದುರಾಗಿ ನಿನ್ನ ಪರ ಮಾತಾಡ್ತಾ ಇವ್ನಿ. ಈಗ ಯಾರೂ ಇಲ್ಲ, ನಂಗಾದ್ರೂ ಹೇಳು. ಯಾಕೆ ಹೋದೆ?”

ಪರ್ವತಯ್ಯ ಅಂದು ಮೊದಲ ಬಾರಿಗೆ ಹಿಂದೆ ತಿರುಗಿ ನೋಡಿದ. ಆ ಮುದಿ ಕಣ್ಣುಗಳಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ಕೇಳಿದ್ದರು.

“ಏನಿಲ್ಲ ಸಾಬ್ರೇ... ನಮ್ಮೂರ ಗೋಲಲ್ಲಿ ನಿಂತ್ಕಂಡ್ರೆ...”

ದೂರದ ತುದಿಯಲ್ಲಿ ಭಾರಿ ಕೂಗೆದ್ದಿತು. ಬಾಷಾ ಸಾಬರ ಕತ್ತು ತಾನಾಗಿ ಅತ್ತ ಹೊರಳಿತು.

“ಯಾ ಅಲ್ಲಾ! ಒಂದೇ ನಿಮಿಷ ಬೇಟಾ, ಬಂದ್ಬುಟ್ಟೆ!” ಎಂದವರೇ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು.

ಕೇಳಿದವರಿಗೆ ಅರ್ಧ ಉತ್ತರ ಕೊಡುವುದು ಮರ್ಯಾದೆಯಲ್ಲವೆಂಬಂತೆ, ಪರ್ವತಯ್ಯ ಉಳಿದ ಮಾತನ್ನು ಅವರು ನಿಂತಿದ್ದ ಜಾಗಕ್ಕೆ ನಿಧಾನವಾಗಿ ಹೇಳಿ ಮುಗಿಸಿದ.