ಗೋಡೆಯಾಚೆಯ ಕೂಸು

ಪೀಠದಲ್ಲಿ ಕೂತು ಪೋಪರು ಆಡಿದ್ದೆಲ್ಲ ಆ ಕಾಲದಲ್ಲಿ ನಿಜವಾಗಿಬಿಡುತ್ತಿತ್ತು. ಒಮ್ಮೆ ಮೈಮರೆತು “ಎಷ್ಟು ಸೆಕೆ!” ಎಂದದ್ದಕ್ಕೆ ಹಿಮಾಲಯವೇ ಬೆವರಿತ್ತು. ಅಂದಿನಿಂದ ಅವರು ಪೀಠದಲ್ಲಿ ಕೆಮ್ಮಲೂ ಹೆದರುತ್ತಿದ್ದರು.

ಅವರ ಅಡುಗೆಯವಳು ಮಂಗಳೂರಿನ ಸೆವರಿನ್ ಬಾಯಿ. ಅವಳ ಕೂಸು ಕ್ರೈಸ್ತ ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡದ್ದರಿಂದ, ಅದಕ್ಕೆ ಸ್ವರ್ಗವಿಲ್ಲವೆಂದು ಊರಿನವರು ಅದನ್ನು ಇಗರ್ಜಿಯ ಸ್ಮಶಾನದ ಗೋಡೆಯಾಚೆ ಹೂಳಿದ್ದರು. ಸಾರು ಬಡಿಸುತ್ತ ಅವಳು ಕೇಳಿಯೇಬಿಟ್ಟಳು: “ಪರಮಗುರುಗಳೇ, ನನ್ನ ಮಗು ಈಗ ಎಲ್ಲುಂಟು?”

“ನನಗೆ ಗೊತ್ತಿಲ್ಲ, ಬಾಯಿ.”

“ಹಾಗಾದ್ರೆ ಪೀಠದಲ್ಲಿ ಕೂತು ಹೇಳಿ ಮಾರಾಯ್ರೇ!”

ಪೋಪರು ಚಮಚ ಕೆಳಗಿಟ್ಟು ಪೀಠವೇರಿದರು. ಏಳು ಸಮುದ್ರಗಳೂ ಅಲೆ ನಿಲ್ಲಿಸಿ ಕಿವಿಗೊಟ್ಟವು.

“ಅಂಥ ಕೂಸುಗಳೆಲ್ಲ ದೇವರ ಮಡಿಲಲ್ಲಿವೆ.”

ಅಷ್ಟರಲ್ಲೇ ಊರಿನಿಂದ ತಂಗಿಯ ಫೋನು: “ಅಕ್ಕಾ, ಸ್ಮಶಾನದ ಗೋಡೆ ಎದ್ದು ನಡೆದು ಆಚೆ ಹೋಗಿ ನಿಂತಿದೆ! ನಮ್ಮ ಮಗು ಒಳಗುಂಟು!”

ಸೆವರಿನ್ ಬಾಯಿ ಸೌಟು ಹಿಡಿದೇ ಮೊಣಕಾಲೂರಿದಳು.