ಒಣಗಿದ ಪೇಸ್ಟ್

ಆಟದ ನಡುವೆ ಕಾದು ತಾನಾಗಿಯೇ ಆಫ್ ಆಗುತ್ತಿದ್ದ ಗೇಮಿಂಗ್ ಲ್ಯಾಪ್‌ಟಾಪನ್ನು ಶಾಂಭವಿ ರಿಪೇರಿ ಅಂಗಡಿಗೆ ತಂದಿದ್ದಳು. ಅಂಗಡಿಯವನು ಮುಟ್ಟಿ ನೋಡಿ, "ಬೋರ್ಡ್ ಹೋಗೇತಿ, ಹೊಸಾದು ಹಾಕಬೇಕು," ಅಂದ.

"ಬೋರ್ಡ್ ಅಲ್ರಿ, ಒಳಗ ಚಿಪ್ಪಿನ ಕಾವು ಎಳಕೊಳ್ಳೋ ಥರ್ಮಲ್ ಪೇಸ್ಟ್ ಒಣಗೇತಿ. ಒಂದು ಟ್ಯೂಬ್ ಕೊಡ್ರಿ. ನೀರಾಗಿದ್ದದ್ದು ಬ್ಯಾಡ, ಗಟ್ಟೀದು."

"ಅದು ಹೆಣ್ಮಕ್ಕಳ ಕೆಲಸ ಅಲ್ಲ, ತಂಗಿ. ಕೆಟ್ಟರ ನನ್ನ ಕೇಳಬ್ಯಾಡ."

"ಕೇಳಂಗಿಲ್ಲ. ಸ್ಕ್ರೂಡ್ರೈವರ್ ಕೊಡ್ರಿ, ನಿಮ್ಮ ಮುಂದ ಬಿಚ್ಚತೀನಿ."

ಅವಳು ಕೌಂಟರಿನ ಮೇಲೆಯೇ ಲ್ಯಾಪ್‌ಟಾಪ್ ಬಿಚ್ಚಿ, ಚಿಪ್ಪಿಗೆ ಹಕ್ಕಳೆಗಟ್ಟಿದ್ದ ಹಳೆಯ ಪೇಸ್ಟನ್ನು ಒರೆಸಿ, ಹೊಸದನ್ನು ತೆಳ್ಳಗೆ ಸವರಿ ಮುಚ್ಚಿದಳು. ಅರ್ಧ ಗಂಟೆ ಆಟ ಆಡಿದರೂ ಅದು ಆಫ್ ಆಗಲಿಲ್ಲ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಗಿರಾಕಿ, ರಿಪೇರಿಗೆಂದು ಆಗಲೇ ಕೊಟ್ಟಿದ್ದ ತನ್ನ ಲ್ಯಾಪ್‌ಟಾಪನ್ನು ಅಂಗಡಿಯವನ ಕೈಯಿಂದ ವಾಪಸ್ ಇಸಿದುಕೊಂಡು ಶಾಂಭವಿಯ ಕಡೆ ತಿರುಗಿದ.

"ಅಕ್ಕಾರ, ನಿಮ್ಮ ಅಂಗಡಿ ಎಲ್ಲೈತ್ರಿ?"